ಪಂಕ್ಚರ್ ಅಂಗಡಿಯ ಗಾಳಿ

ನಮ್ಮ ಅಂಗಡಿಗೆ ಆ ಮೆಷಿನ್ ಬಂದದ್ದು ಮಾವನ ಹೆಬ್ಬೆರಳಿನ ದೆಸೆಯಿಂದ.

ಮಾವ ಅಂದರೆ ನನ್ನ ಅಮ್ಮನ ತಮ್ಮ. ನಲವತ್ತು ವರ್ಷಗಳಿಂದ ಪರ್ಕಳದಲ್ಲಿ ಫೋಟೋಗಳಿಗೆ ಕಟ್ಟು ಹಾಕಿಕೊಂಡು ಬಂದವರು. ಮಾವನದ್ದು ಅಳಿಯನಿಗೆ, ಅಂದರೆ ಅಕ್ಕತಂಗಿಯರ ಮಗನಿಗೆ, ಸಲ್ಲಬೇಕು ಎನ್ನುವುದು ನಮ್ಮ ಕಡೆಯ ಹಳೆಯ ಕಟ್ಟಳೆ. ಅಳಿಯಂದಿರು ಮೂವರಿದ್ದರೂ ಒಬ್ಬನೂ ಸುತ್ತಿಗೆ ಮುಟ್ಟಲಿಲ್ಲ. ಹೀಗಾಗಿ ಸುತ್ತಿಗೆ, ಗಾಜು ಕೊಯ್ಯುವ ಕಡ್ಡಿ ಮತ್ತು ಮಾವನ ಉಪದೇಶ, ಮೂರೂ ಅಕ್ಕನ ಮಗಳಾದ ನನ್ನ ಪಾಲಿಗೆ ಬಂದವು. ಸಿಟ್ಟು ಮಾತ್ರ ಅವರಿಂದ ಬಂದದ್ದಲ್ಲ. ಅದು ನನ್ನ ಸ್ವಂತ ಸಂಪಾದನೆ.

ಮೊದಲೆಲ್ಲ ನಮ್ಮಲ್ಲಿಗೆ ಬರುತ್ತಿದ್ದದ್ದು ದೇವರ ಪಟ, ಮದುವೆಯ ಫೋಟೋ, ತೀರಿಕೊಂಡವರ ಫೋಟೋ. ಈಗ ಮಣಿಪಾಲದ ಫ್ಲ್ಯಾಟಿನವರಿಗೆ ಗಾಜು ಬೇಡ, ಕ್ಯಾನ್ವಾಸ್ ಬೇಕು. ಚಿತ್ರವನ್ನು ದಪ್ಪ ಬಟ್ಟೆಯ ಮೇಲೆ ಪ್ರಿಂಟ್ ಮಾಡಿಸಿ, ಮರದ ಚೌಕಟ್ಟಿನ ಮೇಲೆ ಬಿಗಿಯಾಗಿ ಎಳೆದು, ಅಂಚುಗಳನ್ನು ಹಿಂದಕ್ಕೆ ಮಡಚಿ ಪಿನ್ನು ಹೊಡೆಯಬೇಕು. ಬೆರಳಲ್ಲಿ ತಟ್ಟಿದರೆ ಚೆಂಡೆಯ ಹಾಗೆ ದನಿ ಕೊಡಬೇಕು. ಹತ್ತರಲ್ಲಿ ಎಂಟು ಚಿತ್ರ ಕಾಪುವಿನ ದೀಪಸ್ತಂಭದ್ದೇ. ಕಾಪುವಿನಿಂದ ಮೀನು ತರುವ ಅಕ್ಕ ಒಮ್ಮೆ ನಮ್ಮ ಗೋಡೆಗೆ ಸಾಲಾಗಿ ಒರಗಿಸಿಟ್ಟ ಏಳು ದೀಪಸ್ತಂಭಗಳನ್ನು ನೋಡಿ, "ನಮ್ಮಲ್ಲಿ ಒಂದೇ ಇರುವುದು ಮಾರಾಯ್ತಿ. ಇಷ್ಟೆಲ್ಲ ಇದ್ದರೆ ದೋಣಿಯವರಿಗೆ ದಾರಿ ತಪ್ಪುತ್ತಿತ್ತು" ಎಂದು ಬುಟ್ಟಿ ಇಳಿಸಿದ್ದರು.

ಈ ಎಳೆಯುವ ಕೆಲಸವನ್ನು ಮಾವ ಅಗಲ ಬಾಯಿಯ ಒಂದು ಇಕ್ಕಳದಲ್ಲಿ ಮಾಡುತ್ತಿದ್ದರು. ಬಲಗೈಯಲ್ಲಿ ಇಕ್ಕಳ, ಎಡಗೈಯಲ್ಲಿ ಪಿನ್ ಹೊಡೆಯುವ ಗನ್ನು, ಹಲ್ಲು ಕಚ್ಚಿದ ಮುಖ. ವರ್ಷಾನುಗಟ್ಟಲೆ ಹೀಗೆ ಎಳೆದೆಳೆದು ಬಲಗೈಯ ಹೆಬ್ಬೆರಳು ಬುಡದಲ್ಲಿ ಊದಿಕೊಂಡಿತು. ಮಣಿಪಾಲದ ಡಾಕ್ಟರು ಎಕ್ಸ್‌ರೇ ನೋಡಿ, "ಸಂದು ಸವೆದಿದೆ. ಇನ್ನೂ ಎಳೆದರೆ ಅನ್ನ ಕಲಸಲಿಕ್ಕೂ ಆಗುವುದಿಲ್ಲ" ಎಂದರು.

"ಚಮಚ ಉಂಟಲ್ಲ ಡಾಕ್ಟ್ರೆ" ಎಂದರು ಮಾವ.

ಅಂದಿನಿಂದ ನಾನು ಇಕ್ಕಳ ಅಡಗಿಸುವುದು, ಅವರು ಹುಡುಕುವುದು ಶುರುವಾಯಿತು. ಅಕ್ಕಿಯ ಡಬ್ಬದಲ್ಲಿಟ್ಟೆ, ಸಿಕ್ಕಿತು. ಪಟಗಳ ಹಿಂದೆ ಇಟ್ಟೆ, ಸಿಕ್ಕಿತು. ನಾನು ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿ ಬರುವಷ್ಟರಲ್ಲಿ ಒಂದು ಕ್ಯಾನ್ವಾಸ್ ಎಳೆದು ಮುಗಿದಿರುತ್ತಿತ್ತು, ಮಾವ ಏನೂ ತಿಳಿಯದವರ ಹಾಗೆ ಎಡಗೈಯಲ್ಲಿ ಪೇಪರ್ ಹಿಡಿದು ಓದುತ್ತಿದ್ದರು. ಬಲಗೈ ತಣ್ಣೀರಿನ ಚೆಂಬಿನಲ್ಲಿ ಇರುತ್ತಿತ್ತು. ಇಕ್ಕಳವನ್ನು ತಮ್ಮ ಸ್ಟೂಲಿನ ಮೇಲ್ಗಡೆ ಗೋಡೆಯ ಮೊಳೆಗೆ ರಾಜಾರೋಷವಾಗಿ ನೇತುಹಾಕುತ್ತಿದ್ದರು. ಇನ್ನು ಹೇಳಿ ಪ್ರಯೋಜನವಿಲ್ಲ ಎಂದು ನಾನು ಅವರನ್ನು ಕೇಳದೆ ಮೆಷಿನ್ ತರಿಸಿದೆ.

ಅದು ಮರದ ಪೆಟ್ಟಿಗೆಯಲ್ಲಿ ಬಂತು. ಬಾಗಿಲಲ್ಲಿ ಹಿಡಿಸಲಿಲ್ಲ. ಗಾಜಿನ ಶೋಕೇಸು ಬಿಚ್ಚಿ, ದೀಪಸ್ತಂಭಗಳನ್ನೆಲ್ಲ ರಸ್ತೆಗೆ ತಂದು, ಅಂತೂ ಒಳಗೆ ಹಾಕಿದೆವು. ಕಬ್ಬಿಣದ ಮೇಜು, ಎರಡು ಬದಿಯಲ್ಲಿ ಉದ್ದುದ್ದ ಎರಡು ಬಾಯಿ, ಕೆಳಗೆ ಕಾಲಿನ ಪೆಡಲು. ಚೌಕಟ್ಟನ್ನು ಕ್ಯಾನ್ವಾಸಿನ ಮೇಲೆ ಕವುಚಿಟ್ಟು ಪೆಡಲು ಒತ್ತಿದರೆ ಎರಡೂ ಬಾಯಿ ಬಟ್ಟೆಯ ಅಂಚು ಕಚ್ಚುತ್ತವೆ. ಇನ್ನೂ ಒತ್ತಿದರೆ ಎರಡೂ ಕಡೆಗೆ ಎಳೆಯುತ್ತವೆ. ಮಾರಿದವರು ಕಳಿಸಿದ ವಿಡಿಯೋದಲ್ಲಿ ಉಂಗುರ ಹಾಕಿದ ಒಂದು ಕೈ ಮಾತ್ರ ಕಾಣುತ್ತಿತ್ತು. ಆ ಕೈ ಬೋಲ್ಟು ತಿರುಗಿಸುತ್ತಾ, ಇದು ಬಹಳ ಸುಲಭ, ಬಹಳ ಸುಲಭ ಎಂದು ಹಿಂದಿಯಲ್ಲಿ ಹೇಳುತ್ತಲೇ ಇತ್ತು. ಎರಡು ದಿನ ಆ ಕೈಯನ್ನು ನೋಡಿ ನೋಡಿ ನನಗೆ ಅದನ್ನು ಕಡಿಯಬೇಕೆನ್ನಿಸಿತು.

ಜೋಡಿಸಿ ಮುಗಿದ ಮೇಲೆ ಕರೆಂಟು ಕೊಡೋಣ ಎಂದು ವೈರು ಹುಡುಕಿದೆ. ಮೇಜಿನ ಅಡಿಯಲ್ಲಿ ಮಲಗಿ ಹುಡುಕಿದೆ. ಪೆಟ್ಟಿಗೆಯ ಹುಲ್ಲಿನಲ್ಲಿ ಹುಡುಕಿದೆ. ಮಾವ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ನೋಡಿ, "ಬಾಲವೇ ಇಲ್ಲದ ದನ ತಂದಿದ್ದೀಯಲ್ಲ" ಎಂದರು. ಆಗ ಪಕ್ಕದ ಪಂಕ್ಚರ್ ಅಂಗಡಿಯವನು ಬಂದು ಒಂದು ಸಣ್ಣ ತೂತಿಗೆ ಬೆರಳಿಟ್ಟು ನೋಡಿ ನಕ್ಕ.

"ಅಕ್ಕಾ, ಇದು ಕರೆಂಟಿನದ್ದಲ್ಲ. ಗಾಳಿಯದ್ದು. ನನ್ನ ಕಂಪ್ರೆಸರ್ ಹಾಗಿನದ್ದು ಒಂದು ಬೇಕು."

"ಅದು ಪೆಟ್ಟಿಗೆಯಲ್ಲಿ ಇರಲಿಲ್ಲ."

"ಅದು ಬೇರೆಯೇ ತರಬೇಕು ಅಕ್ಕಾ. ಸದ್ಯಕ್ಕೆ ನನ್ನದರಿಂದಲೇ ಪೈಪು ಎಳೆಯುವ. ಗಾಳಿಗೆ ಎಂತ ದಾರಿದ್ರ್ಯ?"

ಅವನು ಒಳ್ಳೆಯವನು. ಎರಡು ಅಂಗಡಿಗೂ ನಡುವೆ ಒಂದೇ ಗೋಡೆ. ಅದಕ್ಕೆ ತೂತು ಹೊಡೆದು ನೀಲಿ ಪೈಪು ತಂದ. ನಮ್ಮೂರಿನ ಗಾಳಿಯಲ್ಲಿ ಅರ್ಧ ನೀರೇ ಇರುವುದರಿಂದ ನಡುವೆ ನೀರು ಸೋಸುವ ಒಂದು ಡಬ್ಬಿ ಕೂಡಿಸಿದ. ಒತ್ತಡ ತೋರಿಸುವ ಗಡಿಯಾರದಂಥ ಒಂದು ಮೀಟರು ಹಾಕಿದ.

ಮೆಷಿನಿಗೆ ಪೂಜೆಯಾಗದೆ ಚಾಲೂ ಮಾಡಬಾರದೆಂದು ಮಾವ ಹಟ ಹಿಡಿದರು. ಅವರಿಗೆ ಮೆಷಿನ್ ಬೇಡ, ಆದರೆ ಅದಕ್ಕೆ ಪೂಜೆ ಬೇಕು! ಅರಸಿನ ಕುಂಕುಮ ಹಚ್ಚಿ, ಸೇವಂತಿಗೆಯ ಮಾಲೆ ಹಾಕಿ, ಊದುಬತ್ತಿ ತಿರುಗಿಸಿದರು. ಕೊನೆಗೆ ವಾಹನದ ಚಕ್ರಕ್ಕೆ ಇಡುವ ಹಾಗೆ ಪೆಡಲಿನ ಅಡಿಗೆ ಒಂದು ಲಿಂಬೆಹಣ್ಣು ಇಟ್ಟು, "ಹೂಂ, ಒತ್ತು" ಎಂದರು. ಒತ್ತಿದೆ. ಲಿಂಬೆಯ ರಸ ನನ್ನ ಸೀರೆಗೆ ಹಾರಿತು. ಎರಡು ಬಾಯಿಗಳೂ ಸೇವಂತಿಗೆಯ ಮಾಲೆಯನ್ನು ಎರಡು ತುದಿಯಲ್ಲಿ ಕಚ್ಚಿ ಎಳೆದವು. ದಾರ ತುಂಡಾಗಿ ಹೂವೆಲ್ಲ ಮಾವನ ತಲೆಯ ಮೇಲೆ ಬಿದ್ದವು. ಮಾವ ಹೂವು ಕೊಡವಿಕೊಳ್ಳದೆ, "ಶಕ್ತಿ ಉಂಟು" ಎಂದಷ್ಟೇ ಹೇಳಿದರು.

ಮೊದಲನೆಯ ದೀಪಸ್ತಂಭ ಎಳೆದಾಗ ಒತ್ತಡ ಜಾಸ್ತಿಯಾಗಿ ಚೌಕಟ್ಟೇ ಟಪ್ಪೆಂದು ಮುರಿಯಿತು. ಎರಡನೆಯದು ಮುರಿಯಲಿಲ್ಲ, ಆದರೆ ನಾನು ಬಟ್ಟೆಯನ್ನು ಓರೆಯಾಗಿ ಇಟ್ಟದ್ದರಿಂದ ದೀಪಸ್ತಂಭ ಸಮುದ್ರದ ಕಡೆಗೆ ವಾಲಿತು.

"ಎರಡು ಪೆಗ್ ಹಾಕಿದ ಹಾಗೆ ಉಂಟು" ಎಂದರು ಮಾವ.

"ಮೆಷಿನಿನ ಮೇಜೇ ಸಮ ಇಲ್ಲ" ಎಂದೆ.

"ಹೌದು, ಕುಣಿಯಲಾರದವಳಿಗೆ ನೆಲ ಡೊಂಕು."

ಇನ್ನೊಂದು ತೊಂದರೆ ಸ್ವಲ್ಪ ತಡವಾಗಿ ಗೊತ್ತಾಯಿತು. ಪಂಕ್ಚರ್ ಅಂಗಡಿಗೆ ದೊಡ್ಡ ವಾಹನ ಬಂದು ಅವನು ಅದರ ಟಯರಿಗೆ ಗಾಳಿ ಬಿಟ್ಟರೆ ನಮ್ಮ ಮೀಟರಿನ ಮುಳ್ಳು ಕೆಳಗಿಳಿಯುತ್ತಿತ್ತು. ಸ್ಕೂಟರಾದರೆ ಚಿಂತೆಯಿಲ್ಲ. ಬಸ್ಸಾದರೆ ಮೆಷಿನಿನ ಬಾಯಿ ಕಚ್ಚಿದ್ದನ್ನು ಬಿಟ್ಟು ಆಕಳಿಸುತ್ತಿತ್ತು. ಅದಕ್ಕೆ ಒಂದು ಒಪ್ಪಂದ ಮಾಡಿಕೊಂಡೆವು. ನಾನು ಪೆಡಲು ಒತ್ತುವ ಮೊದಲು ಗೋಡೆಗೆ ಎರಡು ಸಲ ಬಡಿಯಬೇಕು. ಅವನ ಹತ್ತಿರ ವಾಹನ ಇಲ್ಲದಿದ್ದರೆ ಅವನೂ ಎರಡು ಸಲ ಬಡಿಯಬೇಕು. ಕೆಲಸ ಮುಗಿದ ಮೇಲೆ ನಾನು ಒಂದು ಸಲ. ಕೆಲವೇ ದಿನಗಳಲ್ಲಿ ಇದು ಎಷ್ಟು ಅಭ್ಯಾಸವಾಯಿತೆಂದರೆ, ಮನೆಯಲ್ಲಿ ಕುಕ್ಕರ್ ಇಡುವ ಮೊದಲೂ ನಾನು ಗೋಡೆ ಬಡಿದೆ.

ಮಾವ ಮಾತ್ರ ಇಕ್ಕಳ ಬಿಡಲಿಲ್ಲ. ಬೇಡಿದೆ, ಬೈದೆ. ಒಂದು ದಿನ ಅವರೇ ಒಂದು ಶರತ್ತು ಹಾಕಿದರು.

"ಅತ್ತೆಯ ಫೋಟೋ ಮಾಡು, ನಿನ್ನ ಮೆಷಿನಿನಲ್ಲಿ. ಸರಿಯಾದರೆ ಇಕ್ಕಳ ನಿನಗೇ ಕೊಡುತ್ತೇನೆ. ಸರಿಯಾಗದಿದ್ದರೆ ಇನ್ನು ನನ್ನ ಕೈಯ ಸುದ್ದಿ ಎತ್ತಬಾರದು."

ಅತ್ತೆಯ ಫೋಟೋದ ಸಂಗತಿ ಹೇಳಬೇಕು. ಮಾವನ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಊರಿನವರಿಗೆಲ್ಲ ಕಟ್ಟು ಹಾಕಿಕೊಟ್ಟವರ ಮನೆಯಲ್ಲಿ ಕಟ್ಟು ಹಾಕಲು ಹೆಂಡತಿಯದ್ದೇ ಒಂದು ಫೋಟೋ ಇರಲಿಲ್ಲ. ಅತ್ತೆಗೆ ಕ್ಯಾಮರಾ ಕಂಡರೆ ಆಗುತ್ತಿರಲಿಲ್ಲ. ಯಾರಾದರೂ ಮೊಬೈಲ್ ಎತ್ತಿದರೆ ಅವರು ಬಾಗಿಲ ಹಿಂದೆ. ಅಲ್ಲಿಂದ ಇಣುಕಿ, ಆಯಿತಾ ಎಂದು ಕೇಳುತ್ತಿದ್ದರು. ತೀರಿಕೊಂಡಾಗ ಹದಿಮೂರನೆಯ ದಿನದ ಕಾರ್ಯಕ್ಕೆ ಬೇರೆ ಗತಿಯಿಲ್ಲದೆ ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿದೆವು. ಅದರಲ್ಲಿ ಅತ್ತೆ ತೆಂಗಿನಕಾಯಿ ಕದ್ದು ಸಿಕ್ಕಿಬಿದ್ದವರ ಹಾಗಿದ್ದರು. ಕಾರ್ಯ ಮುಗಿದ ಸಂಜೆಯೇ ಮಾವ ಅದನ್ನು ಗೋಡೆಯಿಂದ ತೆಗೆದು ಕಪಾಟಿನಲ್ಲಿಟ್ಟು, "ಇವಳು ಯಾರೋ, ನನಗೆ ಗೊತ್ತಿಲ್ಲ" ಎಂದಿದ್ದರು.

ಈಗ ಕಾರ್ಕಳದ ಒಂದು ಸ್ಟುಡಿಯೋದವರ ಕಂಪ್ಯೂಟರಿನಲ್ಲಿ ನಮ್ಮ ಕುಟುಂಬದ ಹಳೆಯ ಮದುವೆಯ ಗುಂಪು ಫೋಟೋ ಒಂದು ಸಿಕ್ಕಿತ್ತು. ನಮ್ಮಲ್ಲಿ ಗುಂಪು ಫೋಟೋಗೂ ಒಂದು ಕ್ರಮ ಇದೆ. ಕುಟುಂಬದಲ್ಲಿ ಹುಟ್ಟಿದವರು ನಡುವೆ, ಮದುವೆಯಾಗಿ ಬಂದವರು ಬದಿಗೆ. ಹಾಗಾಗಿ ಮಾವ ನಡುವೆ ಪೇಟ ಕಟ್ಟಿಕೊಂಡು ಕೂತಿದ್ದಾರೆ. ಮೂವತ್ತೆಂಟು ಜನರ ಸಾಲಿನ ಕಟ್ಟಕಡೆಯಲ್ಲಿ, ಇನ್ನೊಂದು ಹೆಜ್ಜೆ ಇಟ್ಟರೆ ಫೋಟೋದಿಂದ ಹೊರಗೆ ಎನ್ನುವಲ್ಲಿ, ಅತ್ತೆ ನಿಂತಿದ್ದಾರೆ. ಜಾರಿಕೊಳ್ಳುವ ಅಂದಾಜಿನಲ್ಲಿದ್ದವರನ್ನು ಪಕ್ಕದಾಕೆ ಎಳೆದು ನಿಲ್ಲಿಸಿದ ಹಾಗಿದೆ. ಅತ್ತೆಯ ಕೈ ಆಕೆಯ ಹೆಗಲ ಮೇಲಿದೆ. ಬಾಯಿ ತುಂಬ ನಗುತ್ತಿದ್ದಾರೆ.

"ಅತ್ತೆಯನ್ನು ಮಾತ್ರ ಬೇರೆ ಮಾಡಿ ದೊಡ್ಡದು ತೆಗೆಸುವ" ಎಂದೆ.

"ಬೇಡ. ಒಬ್ಬಳೇ ಆದರೆ ಅವಳಿಗೆ ಹೆದರಿಕೆ. ಎಲ್ಲರೊಟ್ಟಿಗೆ ಇರಲಿ" ಎಂದರು.

ಉಡುಪಿಯಲ್ಲಿ ನಾಲ್ಕು ಅಡಿ ಉದ್ದಕ್ಕೆ ಪ್ರಿಂಟ್ ತೆಗೆಸಿದೆ. ಮೆಷಿನಿನ ಬಾಯಿಗೆ ಕಚ್ಚಲು ಬೇಕೆಂದು ಸುತ್ತಲೂ ನಾಲ್ಕು ಇಂಚು ಬಿಳಿ ಅಂಚು ಬಿಡಿಸಿದೆ. ಒಂದೂವರೆ ಇಂಚು ದಪ್ಪದ ಒಳ್ಳೆಯ ಮರದ ಚೌಕಟ್ಟು ಮಾಡಿದೆ. ಬೆಳಿಗ್ಗೆ ಮಿಂದು, ದೇವರಿಗೆ ಕೈಮುಗಿದು ಕೆಲಸಕ್ಕೆ ನಿಂತೆ. ಮಾವ ಸ್ಟೂಲನ್ನು ಮೆಷಿನಿನ ಹತ್ತಿರಕ್ಕೇ ಎಳೆದುಕೊಂಡರು.

"ನಡುವಿಗೆ ಪೆನ್ಸಿಲಿನ ಗೆರೆ ಹಾಕಿದಿಯಾ?"

"ಹಾಕುತ್ತೇನೆ."

"ಬಟ್ಟೆಯ ಹಿಂದೆಯೂ ಹಾಕಬೇಕು. ಮರಕ್ಕೂ ಹಾಕಬೇಕು. ಎರಡೂ ಕೂಡಬೇಕು."

"ಗೊತ್ತುಂಟು ಮಾವ."

"ಗೊತ್ತಿದ್ದರೆ ದೀಪಸ್ತಂಭ ಯಾಕೆ ವಾಲಿತು?"

ನನ್ನ ತಲೆ ಕೆಟ್ಟಿತು. "ನೀವು ಇಲ್ಲಿ ಕೂತರೆ ನನ್ನ ಕೈ ಓಡುವುದಿಲ್ಲ. ಹೊರಗೆ ಹೋಗಿ" ಎಂದುಬಿಟ್ಟೆ. ನಲವತ್ತು ವರ್ಷ ಅವರೇ ಕೂತ ಅಂಗಡಿಯಿಂದ! ಅವರು ಪಂಚೆ ಸರಿಮಾಡಿಕೊಂಡು ಎದ್ದು ಹೋಗಿ ಪಂಕ್ಚರ್ ಅಂಗಡಿಯ ಹಳೆಯ ಟಯರುಗಳ ಮೇಲೆ ಕೂತರು.

ನನಗೆ ಅವರ ಮೇಲೂ ಸಿಟ್ಟು, ನನ್ನ ಮೇಲೂ ಸಿಟ್ಟು. ಪೆನ್ಸಿಲಿನ ಗೆರೆ ಬೇಕೆಂದೇ ಹಾಕಲಿಲ್ಲ. ಕ್ಯಾನ್ವಾಸನ್ನು ಮುಖ ಕೆಳಗೆ ಮಾಡಿ ಹಾಸಿದೆ, ಮೂಲೆಗೆ ಮೂಲೆ ನೋಡಿ ಚೌಕಟ್ಟು ಇಟ್ಟೆ, ಪೆಡಲು ಒತ್ತಿದೆ. ಬಾಯಿ ಎರಡೂ ಕಚ್ಚಿದವು, ಎಳೆದವು. ನಡುವೆ ಪುಸ್ ಎಂದು ಒಂದು ಸದ್ದು, ಆಮೇಲೆ ಟಕ್ ಎಂದು ಒಂದು ಸದ್ದು. ಮೆಷಿನಿಗೆ ಸದ್ದು ಇದ್ದದ್ದೇ ಎಂದುಕೊಂಡು ಪಟಪಟನೆ ಪಿನ್ನು ಹೊಡೆದೆ. ಉಳಿದ ಎರಡು ಬದಿಗಳನ್ನೂ ಎಳೆದು, ಮೂಲೆ ಮಡಚಿ ಮುಗಿಸಿದೆ. ತಟ್ಟಿ ನೋಡಿದರೆ ಚೆಂಡೆಯೇ. ಗೆದ್ದೆ ಎಂದುಕೊಂಡು ಎತ್ತಿ ತಿರುಗಿಸಿದೆ.

ಸಾಲಿನ ಒಂದು ತುದಿಯಲ್ಲಿ ದೊಡ್ಡ ಭಾವನ, ಅಂದರೆ ನನ್ನ ದೊಡ್ಡಕ್ಕನ ಗಂಡನ ಪಕ್ಕ ಎರಡು ಬೆರಳು ಅಗಲದ ಬಿಳಿ ಪಟ್ಟಿ, ಸುಣ್ಣ ಬಳಿದ ಹಾಗೆ. ಇನ್ನೊಂದು ತುದಿಯಲ್ಲಿ ಅತ್ತೆ ಇಲ್ಲ. ಪಕ್ಕದಾಕೆಯ ಹೆಗಲ ಮೇಲೆ ಬಳೆ ಹಾಕಿದ ಒಂದು ಕೈ ಮಾತ್ರ ಇದೆ. ಬದಿಗೆ ತಿರುಗಿಸಿ ನೋಡಿದೆ. ಅತ್ತೆ ಅಲ್ಲಿದ್ದರು, ಚೌಕಟ್ಟಿನ ದಪ್ಪದ ಮೇಲೆ. ಒಂದೂವರೆ ಇಂಚಿನ ಜಾಗದಲ್ಲಿ ತಲೆಯಿಂದ ಕಾಲಿನವರೆಗೆ ನಿಂತು ನಗುತ್ತಿದ್ದರು.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ? ಆದರೂ ನನಗೆ ಮೊದಲು ಬಂದದ್ದು ಇನ್ನಷ್ಟು ಸಿಟ್ಟೇ. ಹೊರಗೆ ಓಡಿದೆ. ಕಾರ್ಕಳದ ಬಸ್ಸೊಂದು ಆಗಷ್ಟೇ ಹಾರ್ನು ಹೊಡೆಯುತ್ತಾ ಹೊರಟಿತ್ತು. ಪಂಕ್ಚರಿನವನು ಗಾಳಿಯ ಪೈಪು ಸುತ್ತುತ್ತಿದ್ದ.

"ನಾನು ಒಳಗೆ ಎಳೆಯುತ್ತಿರುವಾಗ ಬಸ್ಸಿಗೆ ಗಾಳಿ ಬಿಟ್ಟಿಯಾ?"

"ಅಯ್ಯೋ ಅಕ್ಕಾ, ನಾನು ಕೇಳಿಯೇ ಬಿಟ್ಟದ್ದು. ಡ್ರೈವರ್ ಟೈಮ್ ಆಯ್ತು ಅಂತ ಬೊಬ್ಬೆ ಹಾಕ್ತಾ ಇದ್ದ. ಒಳಗೆ ಕೆಲಸ ನಡೀತಾ ಉಂಟಾ ಅಂತ ಕೇಳಿದೆ. ನಿಮ್ಮ ಮಾವನೇ, ಇಲ್ಲ, ಬಿಡು ಎಂದರು."

ನಾನು ಮಾವನ ಕಡೆ ತಿರುಗಿದೆ.

"ಗೋಡೆ ಬಡಿದ ಶಬ್ದ ಕೇಳಲಿಲ್ಲವಲ್ಲ" ಎಂದರು ಅವರು.

ಸಿಟ್ಟಿನ ಭರದಲ್ಲಿ ನಾನು ಗೋಡೆ ಬಡಿದೇ ಇರಲಿಲ್ಲ. ಕುಕ್ಕರಿಗೆ ಬಡಿದವಳು ಅತ್ತೆಗೆ ಬಡಿಯಲಿಲ್ಲ. ಬಸ್ಸು ಗಾಳಿ ಕುಡಿಯುವಾಗ ಒಂದು ಬಾಯಿ ಸಡಿಲವಾಗಿ, ಇನ್ನೊಂದು ಬಾಯಿ ಇಡೀ ಕುಟುಂಬವನ್ನು ತನ್ನ ಕಡೆಗೆ ಎಳೆದುಕೊಂಡಿತ್ತು. ಗಾಳಿ ಮರಳಿದಾಗ ಸಡಿಲವಾದ ಬಾಯಿ ಟಕ್ಕೆಂದು ಮತ್ತೆ ಕಚ್ಚಿತ್ತು. ನನಗೆ ರಸ್ತೆಯ ಬದಿಯಲ್ಲೇ ಅಳು ಬಂತು. ಮೂರು ವರ್ಷದ ಮೇಲೆ ಸಿಕ್ಕಿದ ಒಂದು ನಗುವನ್ನು ನಾನು ಮಡಚಿ ಬದಿಗೆ ಹಾಕಿದ್ದೆ. ಅದಕ್ಕಿಂತ ಹೆಚ್ಚಾಗಿ, ಇನ್ನು ಆ ಮನುಷ್ಯ ಇಕ್ಕಳ ಬಿಡುವುದಿಲ್ಲ, ಅನ್ನ ಕಲಸುವ ಕೈಯನ್ನೂ ಕಳೆದುಕೊಳ್ಳುತ್ತಾರೆ, ಅದಕ್ಕೆ ನಾನೇ ಕಾರಣ.

ಮಾವ ಒಳಗೆ ಬಂದರು. ಚಿತ್ರವನ್ನು ಎದುರಿನಿಂದ ನೋಡಿದರು. "ನಿನ್ನ ದೊಡ್ಡ ಭಾವನಿಗೆ ಗಾಳಿ ಬೆಳಕು ಚೆನ್ನಾಗಿ ಸಿಕ್ಕಿತು" ಎಂದರು. ಆಮೇಲೆ ಬದಿಗೆ ಬಗ್ಗಿದರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

"ಇನ್ನೊಂದು ಪ್ರಿಂಟ್ ತೆಗೆಸುತ್ತೇನೆ ಮಾವ. ನಾಳೆಯೇ. ಪೆನ್ಸಿಲಿನ ಗೆರೆ ಹಾಕುತ್ತೇನೆ" ಎಂದೆ.

"ಎಂತಕ್ಕೆ?"

"ಅತ್ತೆ ಎದುರಿಗೆ ಬರಬೇಡವಾ?"

"ಅವಳು ಯಾವಾಗ ಎದುರಿಗೆ ಬಂದಿದ್ದಳು?" ಎಂದರು ಮಾವ. "ನೋಡು, ಬಾಗಿಲ ಹಿಂದಿನಿಂದ ನೋಡಿದ ಹಾಗೆಯೇ ಉಂಟು. ಆಯಿತಾ ಅಂತ ಕೇಳುತ್ತಾಳೆ."

ನಾನೂ ಬಗ್ಗಿ ನೋಡಿದೆ. ಹೌದು, ಹಾಗೆಯೇ ಇತ್ತು. ನನಗೆ ಮತ್ತೆ ಅಳು, ಅದರ ನಡುವೆಯೇ ನಗು. ಮೂಗು ಒರೆಸಿಕೊಂಡು, "ಹಾಗಾದರೆ ಸುತ್ತ ಒಳ್ಳೆಯ ಕಟ್ಟಾದರೂ ಹಾಕುವ. ತೇಗದ್ದು" ಎಂದೆ.

"ಕಟ್ಟು ಬೇಡ" ಎಂದರು. "ಕಟ್ಟು ಹಾಕಿದರೆ ಅವಳು ಒಳಗೆ ಮುಚ್ಚಿಹೋಗುತ್ತಾಳೆ."

ನಲವತ್ತು ವರ್ಷ ಕಟ್ಟು ಹಾಕಿದ ಮಾವನ ಬಾಯಲ್ಲಿ ಕಟ್ಟು ಬೇಡ ಎಂಬ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಬಿಳಿ ಪಟ್ಟಿಗೆ ಅವರೇ ಸಣ್ಣ ಬ್ರಷ್ಷು ಹಿಡಿದು ಫೋಟೋದ ಹಿನ್ನೆಲೆಯ ಪರದೆಯ ಮೆರೂನ್ ಬಣ್ಣ ಬಳಿದರು, ಎಡಗೈಯಲ್ಲಿ. ಪರದೆಯ ನೆರಿಗೆ ಕೂಡ ಬರೆದರು. ದೊಡ್ಡ ಭಾವ ಆಮೇಲೊಮ್ಮೆ ಬೆಳ್ಮಣ್ಣಿನಿಂದ ಬಂದು ನೋಡಿ, ನನಗೆ ಒಳ್ಳೆಯ ಜಾಗ ಕೊಟ್ಟಿದ್ದೀರಿ ಎಂದು ಖುಷಿಪಟ್ಟು ಹೋದರು.

ಚಿತ್ರವನ್ನು ಎಲ್ಲಿ ಹಾಕುವುದೆಂದು ನಾನು ಎದುರಿನ ಗೋಡೆ ಅಳೆಯುತ್ತಿದ್ದಾಗ ಮಾವ ಸ್ಟೂಲಿನ ಮೇಲಿನ ಮೊಳೆಯಿಂದ ಇಕ್ಕಳ ತೆಗೆದರು. ಅದನ್ನು ಒಮ್ಮೆ ಪಂಚೆಯಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ಆ ಮೊಳೆಗೆ ಚಿತ್ರವನ್ನು ನೇತುಹಾಕಿಸಿ, ಸ್ಟೂಲನ್ನು ಅದರ ಬದಿಗೆ, ನೀಲಿ ಪೈಪು ಬರುವ ಗೋಡೆಗೆ ತಾಗಿಸಿ ಇಟ್ಟುಕೊಂಡರು.

"ಮೆಷಿನ್ ನೀನು ನೋಡಿಕೋ" ಎಂದರು. "ಗೋಡೆ ಬಡಿಯುವುದು ನಿನ್ನಿಂದಾಗುವ ಕೆಲಸ ಅಲ್ಲ. ಅದು ನನಗಿರಲಿ."

ಈಗ ನಮ್ಮ ಅಂಗಡಿಗೆ ಬಂದವರು ಎದುರಿಗೆ ನಿಂತು ಗುಂಪು ಫೋಟೋ ನೋಡುತ್ತಾರೆ. ನಡುವೆ ಪೇಟ ಕಟ್ಟಿದ ಮಾವನ ಗುರುತು ಹಿಡಿದು, ನಿಮ್ಮ ಹೆಂಡತಿ ಯಾರು ಎಂದು ಕೇಳುತ್ತಾರೆ. ಅಲ್ಲೇ ಎಲ್ಲೋ ಇದ್ದಾಳೆ ಎನ್ನುತ್ತಾರೆ ಮಾವ. ಸ್ಟೂಲಿನಿಂದ ಮಾತ್ರ ಏಳುವುದಿಲ್ಲ, ಬೇರೆಯವರನ್ನು ಅಲ್ಲಿ ಕೂರಲು ಬಿಡುವುದೂ ಇಲ್ಲ. ನಾನು ಕ್ಯಾನ್ವಾಸ್ ಹಾಸಿ, ಪೆನ್ಸಿಲಿನ ಗೆರೆ ಕೂಡಿಸಿ, ಹೂಂ ಎನ್ನುತ್ತೇನೆ. ಅವರು ಅತ್ತೆಯ ಕಡೆಗೊಮ್ಮೆ ನೋಡಿ ಎಡಗೈಯಲ್ಲಿ ಗೋಡೆಗೆ ಎರಡು ಸಲ ಬಡಿಯುತ್ತಾರೆ. ಆಚೆಯಿಂದ ಎರಡು ಸಲ ಉತ್ತರ ಬಂದ ಮೇಲೆ ನಾನು ಪೆಡಲು ಒತ್ತುತ್ತೇನೆ.